ಬೆಳಗಾವಿಗೆ ಓದಲು ಹೋದ ಮಕ್ಕಳಿಗೆ ಯುಪಿಐ ಸರ್ಕಲ್: ಉಪಯೋಗ ಎಷ್ಟು?

ಜಮಖಂಡಿ, ಮುಧೋಳದಿಂದ ಬೆಳಗಾವಿಯ ರೂಮಿಗೆ ಹೋದ ಮಗನಿಗೋ ಮಗಳಿಗೋ ದಿನಾ ರೊಕ್ಕ ಕಳಿಸುವ ತಂದೆ-ತಾಯಿಗೆ ಯುಪಿಐ ಸರ್ಕಲ್ ಒಳ್ಳೆಯ ಸೌಲಭ್ಯ. ನಿಮ್ಮ ಖಾತೆಯ ದುಡ್ಡನ್ನು ಅವರು ತಮ್ಮ ಮೊಬೈಲಿನಿಂದಲೇ ಖರ್ಚು ಮಾಡಬಹುದು. ಒಬ್ಬರು ಐದು ಜನರ ತನಕ ಸೇರಿಸಿಕೊಳ್ಳಬಹುದು.

ಜೋಡಿಸುವುದು ಸುಲಭ. ಆ್ಯಪ್‌ನಲ್ಲಿ ಯುಪಿಐ ಸರ್ಕಲ್ ತೆರೆದು ಮಕ್ಕಳ ಕ್ಯೂಆರ್ ಸ್ಕ್ಯಾನ್ ಮಾಡಿ, ಮಿತಿ ಹಾಕಿ, ನಿಮ್ಮ ಪಿನ್ ಒತ್ತಿ. ಅವರು ಒಪ್ಪಿಕೊಂಡರೆ ಮುಗಿಯಿತು. ನಿಮ್ಮ ಬ್ಯಾಂಕಿನಲ್ಲಿ ಈ ಸೌಲಭ್ಯ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಇಲ್ಲಿ ಎರಡು ದಾರಿ, ಎಡವುವುದೂ ಇಲ್ಲೇ. ಭಾಗಶಃ ಅನುಮತಿಯಲ್ಲಿ ಪ್ರತಿ ಪಾವತಿಗೂ ನೀವೇ ಪಿನ್ ಹಾಕಬೇಕು. ಅಪ್ಪ ನೆಟ್‌ವರ್ಕ್ ಇಲ್ಲದ ಕಬ್ಬಿನ ಹೊಲದಲ್ಲಿ, ಮಗ ಖಾನಾವಳಿ ಕೌಂಟರಿನಲ್ಲಿ! ಇದರಿಂದ ಕಲಿಯುವುದು ಅಪ್ಪಣೆ ಕೇಳುವುದನ್ನಷ್ಟೇ. ಮಿತಿಯೊಳಗೆ ಪ್ರತಿ ಸಲ ನಿಮ್ಮ ಪಿನ್ ಬೇಡದ ಪೂರ್ಣ ಅನುಮತಿಯೇ ಸರಿ: ತಿಂಗಳಿಗೆ ಗರಿಷ್ಠ 15,000, ಒಂದು ಸಲಕ್ಕೆ 5,000 ರೂಪಾಯಿ. ಅಷ್ಟನ್ನೂ ಕೊಡಬೇಕಿಲ್ಲ. ರೂಮ್ ಬಾಡಿಗೆ ನೀವೇ ಕಟ್ಟಿ, ಊಟ, ಬಸ್ಸು, ರಿಚಾರ್ಜ್, ಜೆರಾಕ್ಸ್ ಲೆಕ್ಕ ಅವರಿಂದಲೇ ಬರೆಸಿ ಮಿತಿ ಗೊತ್ತುಮಾಡಿ.

20ನೇ ತಾರೀಖಿಗೇ ಮಿತಿ ಮುಗಿದರೆ ತಕ್ಷಣ ಏರಿಸಬೇಡಿ. ಊಟಕ್ಕೆ ಬೇಕಾದಷ್ಟು ಮಾತ್ರ ಕೊಟ್ಟು ಮುಂದಿನ ತಿಂಗಳಲ್ಲಿ ಮುರಿದುಕೊಳ್ಳಿ.

ದೊಡ್ಡ ಕೊರತೆ ಒಂದಿದೆ: ಪ್ರತಿ ಖರ್ಚೂ ನಿಮಗೆ ಕಾಣುತ್ತದೆ. "ನಿನ್ನೆ 180 ರೂಪಾಯಿ ಯಾಕಪ್ಪಾ?" ಎಂದು ದಿನಾ ಫೋನ್ ಮಾಡುವವರಿಗೆ ಇದು ಬೇಡ. ಹದಿನೆಂಟು ದಾಟಿದವರಿಗೆ ಆರು ತಿಂಗಳಾದ ಮೇಲೆ ಸರ್ಕಲ್ ತೆಗೆದು, ಅವರದೇ ಉಳಿತಾಯ ಖಾತೆಗೆ ತಿಂಗಳಿಗೊಮ್ಮೆ ಹಾಕುವುದು ಮೇಲು.