ಗಾಳಿ ಸುರಂಗದಲ್ಲಿ ಒಂದು ವಾರದ ತರಬೇತಿ: ವರ್ಷ ಕಳೆದ ಮೇಲೆ ಬರೆಯುತ್ತಿದ್ದೇನೆ

ನಮ್ಮ ತೀರ್ಥಹಳ್ಳಿ, ಶಿವಮೊಗ್ಗ ಕಡೆಯಿಂದ ಯಾರಾದರೂ ಇಂಡೋರ್ ಸ್ಕೈಡೈವಿಂಗ್‌ನ (ಗಾಜಿನ ಸುರಂಗದೊಳಗೆ ಕೆಳಗಿಂದ ನುಗ್ಗುವ ಗಾಳಿಯ ಮೇಲೆ ತೇಲುವ ಆಟದ) ವಾರದ ಕ್ಯಾಂಪಿಗೆ ಹೋಗುವ ಯೋಚನೆಯಲ್ಲಿದ್ದರೆ, ದುಡ್ಡು ಕಟ್ಟುವ ಮೊದಲು ಒಂದು ಪ್ರಶ್ನೆ ಕೇಳಿ. ವಾರ ಪೂರ್ತಿ ಒಬ್ಬರೇ ಕೋಚ್ ಇರುತ್ತಾರಾ? ಉತ್ತರವನ್ನು ಮೇಲ್‌ನಲ್ಲಿ ಬರೆಸಿಕೊಳ್ಳಿ. ಸುರಂಗ ಎಷ್ಟು ಅಗಲ, ಗಾಜು ಎಷ್ಟು ಎತ್ತರ ಅನ್ನುವುದೆಲ್ಲ ಅವರ ವೆಬ್‌ಸೈಟಿನಲ್ಲೇ ಇರುತ್ತದೆ. ಈ ವಿಷಯ ಮಾತ್ರ ನನಗೆ ಅಲ್ಲಿ ಕಾಣಲಿಲ್ಲ.

ನಾನು ಹೋಗಿದ್ದು ಕೊಲ್ಲಿಯ ಒಂದು ನಗರಕ್ಕೆ. ಹೆಸರು ಬೇಡ. ಈ ಒಂದು ಕೊರತೆ ಬಿಟ್ಟರೆ ಅಲ್ಲಿನವರು ಕೆಲಸ ಬಲ್ಲವರು. ಅಕ್ಕ, ಭಾವ ಅಲ್ಲೇ ಇರುವುದರಿಂದ ರೂಮಿನ ಖರ್ಚು ಉಳಿಯಿತು. ಆಗುಂಬೆ ಘಾಟಿ ಇಳಿದು ಮಂಗಳೂರು ಸೇರಿದರೆ ನೇರ ವಿಮಾನ. ಆದರೂ ಸುರಂಗದಲ್ಲಿ ಹಾರುವ ನಿಮಿಷಗಳ ದುಡ್ಡು, ಕೋಚ್ ಫೀಸು, ಟಿಕೆಟ್ ಸೇರಿ ಎರಡು ಕ್ವಿಂಟಲ್ ರಾಶಿ ಅಡಿಕೆಯ ದುಡ್ಡು ಖಾಲಿಯಾಯಿತು. ತೋಟದ ಆದಾಯದಲ್ಲಿ ಬದುಕುವವಳಿಗೆ ಇದು ದೊಡ್ಡ ಮೊತ್ತ. ಅದಕ್ಕೇ ನನ್ನ ಲೆಕ್ಕ ಸ್ವಲ್ಪ ಬಿಗಿ.

"ಬರೀ ಮೋಜಿಗೆ ಇಷ್ಟು ದುಡ್ಡಾ?" ಅಂತ ಊರಲ್ಲಿ ಸುಮಾರು ಜನ ಕೇಳಿದರು. ಇದು ಮೋಜೂ ಹೌದು, ಆಟವೂ ಹೌದು. ಇದರ ಮೊದಲ ವಿಶ್ವ ಚಾಂಪಿಯನ್‌ಶಿಪ್ 2015ರಲ್ಲಿ ಪ್ರಾಗ್‌ನಲ್ಲಿ ನಡೆಯಿತು. ವಿಮಾನದಿಂದ ಹಾರುವವರೂ ಇಲ್ಲಿಗೆ ಬಂದು ಅಭ್ಯಾಸ ಮಾಡುತ್ತಾರೆ. ಯಾಕೆಂದರೆ ಸುಮಾರು 13,000 ಅಡಿ ಮೇಲಿಂದ ಹಾರಿದರೂ ಪ್ಯಾರಾಚೂಟ್ ಬಿಚ್ಚುವ ಮೊದಲು ಅವರಿಗೆ ಸಿಗುವುದು ಒಂದು ನಿಮಿಷದಷ್ಟು ಹೊತ್ತು. ಹೊಟ್ಟೆ ಕೆಳಗಾಗಿ ಬೀಳುವಾಗ ವೇಗ ಗಂಟೆಗೆ 190 ಕಿಲೋಮೀಟರ್ ಹತ್ತಿರ ಇರುತ್ತದೆ. ಆ ವೇಗದಲ್ಲಿ ನಮ್ಮ ಜೋಗದ 253 ಮೀಟರ್ ಎತ್ತರ ಐದು ಸೆಕೆಂಡಿನೊಳಗೆ ಮುಗಿದುಹೋಗುತ್ತದೆ. ಅಷ್ಟರಲ್ಲಿ ಕಲಿಯುವುದು ಏನು, ತಿದ್ದಿಕೊಳ್ಳುವುದು ಏನು? ಸುರಂಗದಲ್ಲಿ ಗಾಳಿಯೇ ಕೆಳಗಿಂದ ಮೇಲಕ್ಕೆ ನುಗ್ಗುತ್ತದೆ, ನಾವು ಇದ್ದಲ್ಲೇ ತೇಲುತ್ತೇವೆ. ಕೆಳಗೆ ಬಲೆ, ಸುತ್ತ ಗಾಜು, ಪಕ್ಕದಲ್ಲೇ ಕೋಚ್. ನಮ್ಮ ತೂಕ ನೋಡಿಕೊಂಡು ಹೊರಗೆ ಕೂತವರು ಗಾಳಿಯನ್ನು ಏರಿಸಿ ಇಳಿಸುತ್ತಿರುತ್ತಾರೆ.

ನನಗೆ ದಿನಾ ತುಂಬ ಇಷ್ಟವಾಗುತ್ತಿದ್ದುದು ಹಾರುವುದಕ್ಕೆ ಮುಂಚಿನ ತಯಾರಿ. ಉದ್ದ ಕೂದಲಿನವರು ಗಮನಿಸಿ. ಬಿಗಿಯಾಗಿ ಒಂದೇ ಜಡೆ ಹೆಣೆದು, ಸೂಟಿನ ಕಾಲರಿನೊಳಗೆ ಬೆನ್ನಿಗೆ ಇಳಿಬಿಟ್ಟು, ಆಮೇಲೆ ಜಿಪ್ ಎಳೆಯಬೇಕು. ಒಂದು ಎಳೆ ಹೊರಗುಳಿದರೂ ಗಾಳಿಗೆ ಅದು ಕೆನ್ನೆಗೆ ಚಾಟಿ ಬೀಸಿದ ಹಾಗೆ ಬಡಿಯುತ್ತದೆ. ಓಲೆ, ಮೂಗುತಿ, ಬಳೆ, ಸರ ಎಲ್ಲ ಲಾಕರಿಗೆ. ಶೂ ಲೇಸಿಗೆ ಎರಡು ಗಂಟು ಹಾಕಿ ತುದಿಯನ್ನು ಒಳಗೆ ಸಿಕ್ಕಿಸಬೇಕು. ಕೊನೆಗೆ ಕಿವಿಗೆ ಹಾಕುವ ಸ್ಪಂಜು. ಅದನ್ನು ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ ಎಳೆದು, ಒಳಗೆ ತೂರಿಸಿ, ಉಬ್ಬುವ ತನಕ ಒತ್ತಿ ಹಿಡಿಯಬೇಕು. ಗದ್ದಲ ನಿಧಾನಕ್ಕೆ ದೂರ ಸರಿಯುತ್ತದೆ. ಹೆಲ್ಮೆಟ್ ಹಾಕಿ ಒಳಕೋಣೆಯ ಬೆಂಚಿನ ಮೇಲೆ ಕೂತರೆ ಕೂಲಿ ಲೆಕ್ಕ, ಕೊಳೆ ರೋಗ, ಔಷಧಿ ಹೊಡೆಸುವ ಚಿಂತೆ ಯಾವುದೂ ಹತ್ತಿರ ಬರುವುದಿಲ್ಲ. ಆ ಬೆಂಚಿನ ಮೇಲೆ ಕೂರುವುದಕ್ಕೇ ಇನ್ನೊಂದು ಸಲ ಹೋಗಬಹುದು, ನಿಜ.

ಸರದಿ ಬಂದಾಗ ಬಾಗಿಲಲ್ಲಿ ನಿಂತು, ಗಲ್ಲ ಎತ್ತಿ, ಕೈ ಮೇಲೆ ಮಾಡಿ, ಸುಮ್ನೆ ಮುಂದಕ್ಕೆ ಒರಗಬೇಕು. ಜಿಗಿಯಬಾರದು. ಒಳಗೆ ಮಾತು ಕೇಳಿಸುವುದಿಲ್ಲ, ಎಲ್ಲ ಕೈಸನ್ನೆ. ಎರಡು ಬೆರಳು ನೆಟ್ಟಗೆ ತೋರಿಸಿದರೆ ಕಾಲು ನೀಡು, ಅದೇ ಬೆರಳು ಮಡಚಿದರೆ ಕಾಲು ಮಡಚು. ಹೆಬ್ಬೆರಳು, ಕಿರುಬೆರಳು ಬಿಚ್ಚಿ ಕೈ ಅಲ್ಲಾಡಿಸಿದರೆ ಮೈ ಸಡಿಲ ಬಿಡು ಅಂತ. ಮೊದಮೊದಲು ಎಲ್ಲರಿಗೂ ಜಾಸ್ತಿ ಸಿಗುವುದು ಇದೇ ಸನ್ನೆ. ಮೈ ಬಿಗಿ ಹಿಡಿದಷ್ಟೂ ಗಾಳಿ ಎತ್ತಿ ಕುಕ್ಕುತ್ತದೆ. ಉಸಿರು ಬಿಟ್ಟು, ಸೊಂಟ ಮುಂದೆ ಒತ್ತಿ, ಕೈಕಾಲು ಹಗುರ ಮಾಡಿದ ತಕ್ಷಣ ನಿಂತಲ್ಲೇ ನಿಲ್ಲುತ್ತೇವೆ.

ನನ್ನ ಮೊದಲ ಕೋಚ್ ನಿಧಾನದ ಮನುಷ್ಯ. ತಿರುಗುವುದನ್ನು ಮಂಡಿಯಿಂದ ಕಲಿಸಿದರು. ಒಂದು ಮಂಡಿಯನ್ನು ಸ್ವಲ್ಪ ಕೆಳಗೆ ಒತ್ತಿದರೆ ಮೈ ತಾನಾಗಿಯೇ ತಿರುಗುತ್ತದೆ, ಕೈ ಮುಟ್ಟಲೇ ಬೇಡ ಎನ್ನುತ್ತಿದ್ದರು. ಪ್ರತಿ ಸರದಿ ಮುಗಿದ ಮೇಲೆ ವಿಡಿಯೋ ಹಾಕಿ, ನಿಲ್ಲಿಸಿ ನಿಲ್ಲಿಸಿ ತೋರಿಸುತ್ತಿದ್ದರು. ಬೆನ್ನ ಮೇಲೆ ಹಾರುವುದಕ್ಕೆ ಶುರು ಮಾಡಿದ್ದೆವು. ಅಷ್ಟರಲ್ಲಿ ಒಂದು ಬೆಳಗ್ಗೆ ಹೋದರೆ ಬೇರೆಯವರು ನಿಂತಿದ್ದರು. ಹಳಬರಿಗೆ ರಜೆಯಂತೆ.

ಹೊಸಬರು ಚುರುಕು. ನಾನು ಎಲ್ಲಿಯ ತನಕ ಬಂದಿದ್ದೇನೆ ಅನ್ನುವುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಮುಂಗೈ ವಾಲಿಸಿ ತಿರುಗು ಎಂದರು. ಬೆನ್ನ ಹಾರಾಟ ಬಿಟ್ಟು ಮತ್ತೆ ಹೊಟ್ಟೆಗೆ ಹೊರಳಿಸಿದರು. ಕೈ ಒಂದು ಹೇಳುತ್ತಿತ್ತು, ಮಂಡಿ ಇನ್ನೊಂದು. ಆ ಇಡೀ ದಿನದ ನಿಮಿಷಗಳು ಗಾಜಿಗೆ ಬಡಿದುಕೊಳ್ಳುವುದರಲ್ಲೇ ಹೋದವು. ಭುಜ ಕೆಂಪಗಾಯಿತು. ನಿಮಿಷಕ್ಕೆ ಇಷ್ಟು ಅಂತ ದುಡ್ಡು ಎಣಿಸಿಕೊಳ್ಳುವ ಕಡೆ, ಒಬ್ಬ ವಿದ್ಯಾರ್ಥಿ ಏನು ಕಲಿತಿದ್ದಾಳೆ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದಿಡುವ ಪದ್ಧತಿ ಬೇಡವಾ? ಕೌಂಟರಿನಲ್ಲಿ ಕೇಳಿದರೆ "ಶೆಡ್ಯೂಲ್ ಹಾಗಿದೆ" ಎಂಬ ಉತ್ತರ. ನನಗೆ ಇವತ್ತಿಗೂ ಇದರ ಮೇಲೆ ಸಿಟ್ಟಿದೆ.

ಆ ಸಂಜೆ ಭಾವ ಒಂದು ಮಾತು ಹೇಳಿದರು. "ಅವರು ಬರೆಯದಿದ್ದರೆ ಬಿಡು, ನೀನೇ ಬರ್ಕೊಂಡು ಹೋಗು." ಅಕ್ಕನ ಮಗಳ ಡ್ರಾಯಿಂಗ್ ಪುಸ್ತಕದಲ್ಲಿ ಮನುಷ್ಯನ ಆಕಾರ ಬಿಡಿಸಿ, ಮಂಡಿ, ಸೊಂಟ, ಭುಜಕ್ಕೆ ಬಾಣ ಹಾಕಿ, ಯಾವುದು ಬರುತ್ತದೆ, ಯಾವುದು ಅರ್ಧ ಬರುತ್ತದೆ ಅಂತ ಗುರುತು ಮಾಡಿದೆವು. ಮಾರನೇ ದಿನ ಹೊಸ ಕೋಚ್ ಅದನ್ನು ಬೆಂಚಿನ ಮೇಲೆ ಹರಡಿ, ಹಾಳೆ ತಿರುವಿ ತಿರುವಿ ನೋಡಿದರು. ಮಂಡಿಗೇ ವಾಪಸ್ ಬಂದರು. ಹೊಟ್ಟೆಯಿಂದ ಬೆನ್ನಿಗೆ ಉರುಳುವುದನ್ನು ನನ್ನ ಕೈಲಿ ಮಾಡಿಸಿದ್ದು ಅವರೇ. ಮನುಷ್ಯರು ಇಬ್ಬರೂ ಒಳ್ಳೆಯವರು. ಕೊರತೆ ಇದ್ದಿದ್ದು ಇಬ್ಬರ ನಡುವೆ.

ಇನ್ನು ಹಾರುವ ಸಮಯದ ವಿಷಯ. ದಿನಕ್ಕೆ ಎಷ್ಟು ನಿಮಿಷ ತೆಗೆದುಕೊಳ್ಳಬೇಕು ಅಂತ ಕೇಳುವವರಿಗೆ, ನನ್ನ ಪ್ರಕಾರ ಹದಿನೈದು ಸಾಕು. ಒಂದೆರಡು ನಿಮಿಷದ ಸರದಿಗಳಾಗಿ ಅದನ್ನು ಹಂಚಿಕೊಳ್ಳಿ. ಅದಕ್ಕಿಂತ ಜಾಸ್ತಿಯಾದರೆ ಕುತ್ತಿಗೆ, ಭುಜ ಸೋತು ಮೈ ತಂತಾನೇ ಬಿಗಿಯುತ್ತದೆ. ತೋಟದ ಕೆಲಸದಿಂದ ಗಟ್ಟಿಯಾದ ನನ್ನ ಭುಜಕ್ಕೇ ಹಾಗಾಯಿತು. ಮೊದಲೇ ಭುಜ ಜಾರಿದ ಇತಿಹಾಸ ಇದ್ದವರಂತೂ ಡಾಕ್ಟರನ್ನು ಕೇಳದೆ ಹೋಗಬೇಡಿ.

ಊರಿಗೆ ಬಂದ ಮೇಲೂ ಜಗಲಿಯ ಬೆಂಚಿನ ಮೇಲೆ ಹೊಟ್ಟೆ ಊರಿ, ಕೈಕಾಲು ಎತ್ತಿ, ಸೊಂಟ ಒತ್ತುವ ಅಭ್ಯಾಸ ಇಟ್ಟುಕೊಂಡಿದ್ದೇನೆ. ಮಳೆಗಾಲದಲ್ಲಿ ತೋಟಕ್ಕೆ ಇಳಿಯಲು ಆಗದ ಹೊತ್ತಲ್ಲಿ ಇದೇ ಕೆಲಸ. ಅಮ್ಮ ಕಾಫಿ ಲೋಟ ಹಿಡಿದು ಬಂದು "ಸೊಂಟ ಉಳುಕೀತು ಮಾರಾಯ್ತಿ" ಎನ್ನುತ್ತಾಳೆ. ಈ ವರ್ಷ ಅಕ್ಕನ ಮನೆಗೆ ಹೋದಾಗ ಸುರಂಗಕ್ಕೆ ಮತ್ತೆ ಇಳಿದೆ. ಹೊಟ್ಟೆಯ ಹಾರಾಟ ಹಾಗೇ ಇತ್ತು. ಮಂಡಿಯಿಂದ ತಿರುಗುವುದೂ ಬಂತು. ಬೆನ್ನಿಗೆ ಉರುಳುವುದು ಮಾತ್ರ ಹೋಗಿಬಿಟ್ಟಿತ್ತು. ನಿಧಾನವಾಗಿ, ಒಬ್ಬರೇ ಕಲಿಸಿದ್ದು ಉಳಿದಿದೆ. ಅವಸರದಲ್ಲಿ ಸೇರಿಸಿದ್ದು ಉಳಿದಿಲ್ಲ.

ಹಾಗಂತ ಬೇಡ ಎನ್ನುವುದಿಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ. ನಮ್ಮಂಥ ದೂರದವರಿಗೆ ಬಿಡಿ ಬಿಡಿಯಾಗಿ ಹೋಗುವುದಕ್ಕಿಂತ ವಾರದ ಕ್ಯಾಂಪೇ ಸರಿ, ಪ್ರಯಾಣದ ಖರ್ಚು ಒಂದೇ ಸಲಕ್ಕೆ ಮುಗಿಯುತ್ತದೆ. ಈ ಸಲದ ಕೊನೆಕೊಯ್ಲು ಮುಗಿದು ಅಡಿಕೆ ಮಂಡಿ ಸೇರಿದ ಮೇಲೆ ಮತ್ತೆ ಹೋಗುವವಳಿದ್ದೇನೆ. ಮೊದಲ ಕೋಚ್‌ಗೆ ಯಾವ ವಾರ ರಜೆ ಇಲ್ಲ ಅಂತ ಕೇಳಿ ಮೇಲ್ ಹಾಕಿದ್ದೇನೆ. ಉತ್ತರ ಬಂದ ಮೇಲೆಯೇ ಮಂಗಳೂರಿನ ಟಿಕೆಟ್.