ಮಿನ್‌ಐಒ ಆಬ್ಜೆಕ್ಟ್ ಸ್ಟೋರೇಜ್: ಕೆಲಸದಲ್ಲಿ ಗಟ್ಟಿ, ಆದರೆ ಹೊಸದಾಗಿ ಹಾಕುವವರು ಮೊದಲು ಇದನ್ನು ಓದಿ

ಡಯಾಗ್ನೋಸ್ಟಿಕ್ ಸೆಂಟರ್ ಒಂದರ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಎಕ್ಸ್‌ರೇ, ಸಿಟಿ, ಎಂಆರ್‌ಐ ಚಿತ್ರಗಳನ್ನೆಲ್ಲ ನಾವು ಕ್ಲೌಡ್‌ಗೆ ಕಳಿಸದೆ ನಮ್ಮದೇ ರ‍್ಯಾಕಿನಲ್ಲಿ, ಮಿನ್‌ಐಒ ಎಂಬ ಸಂಗ್ರಹ ತಂತ್ರಾಂಶದ ಉಚಿತ ಕಮ್ಯುನಿಟಿ ಆವೃತ್ತಿಯಲ್ಲಿ ಇಟ್ಟುಕೊಂಡಿದ್ದೇವೆ. ಇದನ್ನು ಹಾಕಿಕೊಳ್ಳಬಹುದಾ ಎಂದು ಬೇರೆ ಊರಿನ ಆಸ್ಪತ್ರೆಗಳ ಐಟಿಯವರು ಕೇಳುತ್ತಿರುತ್ತಾರೆ. ಉತ್ತರ ಒಂದೇ ಸಾಲಿನದಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಹಿನ್ನೆಲೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅಮೆಜಾನ್ 2006ರಲ್ಲಿ ಎಸ್3 ಎಂಬ ಫೈಲ್ ಸಂಗ್ರಹ ಸೇವೆ ಶುರು ಮಾಡಿದ ಮೇಲೆ ಬಕೆಟ್ (ಫೈಲ್ ಇಡುವ ಡಬ್ಬ), ಆಬ್ಜೆಕ್ಟ್ (ಅದರೊಳಗಿನ ಫೈಲ್), ಆಕ್ಸೆಸ್ ಕೀ (ಒಳಗೆ ಬಿಡುವ ಗುರುತು) ಎಂಬ ಪದ್ಧತಿಯೇ ಎಲ್ಲ ಕಡೆ ರೂಢಿಯಾಯಿತು. ಅದೇ ಪದ್ಧತಿಯಲ್ಲಿ ಮಾತಾಡುವ ಸರ್ವರನ್ನು ನಮ್ಮ ಯಂತ್ರದಲ್ಲೇ ಓಡಿಸಲು ಬಿಡುವುದು ಮಿನ್‌ಐಒ. ಗ್ಲಸ್ಟರ್ ಎಂಬ ಸಂಗ್ರಹ ತಂತ್ರಾಂಶ ಕಟ್ಟಿದ್ದ ಆನಂದ್ ಬಾಬು ಪೆರಿಯಸಾಮಿ ಮತ್ತು ಜೊತೆಗಾರರು 2014ರಲ್ಲಿ ಶುರು ಮಾಡಿದ ಕಂಪನಿ ಇದು. ಇಡೀ ಸರ್ವರ್ ಗೋ ಭಾಷೆಯಲ್ಲಿ ಬರೆದ ಒಂದೇ ಒಂದು ಬೈನರಿ. ಪ್ರತ್ಯೇಕ ಡೇಟಾಬೇಸ್ ಬೇಡ.

ನಮ್ಮಲ್ಲಿರುವುದು ನಾಲ್ಕು ಸರ್ವರ್, ತಲಾ ನಾಲ್ಕು ಡಿಸ್ಕ್, ಒಂದೊಂದು 8 ಟಿಬಿ. ಒಟ್ಟು 128 ಟಿಬಿಯಲ್ಲಿ ಬಳಕೆಗೆ ಸಿಗುವುದು ಸುಮಾರು 96. ಉಳಿದದ್ದು ಪ್ಯಾರಿಟಿಗೆ, ಅಂದರೆ ಕಳೆದುಹೋದ ಚೂರನ್ನು ಮತ್ತೆ ಕಟ್ಟಿಕೊಳ್ಳಲು ಬೇಕಾದ ಹೆಚ್ಚುವರಿ ಮಾಹಿತಿಗೆ ಹೋಗುತ್ತದೆ. ಪ್ರತಿ ಫೈಲನ್ನೂ 12 ಚೂರು ಮಾಡಿ, ಅದಕ್ಕೆ 4 ಪ್ಯಾರಿಟಿ ಚೂರು ಸೇರಿಸಿ, 16 ಡಿಸ್ಕಿಗೂ ಹಂಚುತ್ತದೆ. ಯಾವುದೇ ನಾಲ್ಕು ಡಿಸ್ಕ್, ಅಂದರೆ ಬೇಕಾದರೆ ಇಡೀ ಒಂದು ಸರ್ವರ್, ಹೋದರೂ ಓದುವುದು ಬರೆಯುವುದು ಎರಡೂ ನಡೆಯುತ್ತದೆ. ಐದನೆಯದು ಹೋದರೆ ನಿಲ್ಲುತ್ತದೆ.

ರೋಗಿಗಳ ಚಿತ್ರ ಹಾಕುವ ಮೊದಲು ಇದನ್ನು ಕಣ್ಣಾರೆ ನೋಡಿಯೇ ತೀರಬೇಕು ಅಂತ ಹಠ ಹಿಡಿದೆ. ಒಂದು ಕಡೆ ದೊಡ್ಡ ಫೋಲ್ಡರ್ ಕಾಪಿ ಆಗುತ್ತಿತ್ತು. ಇನ್ನೊಂದು ಕಡೆ ಎರಡನೇ ಸರ್ವರಿನ ಮುಂಭಾಗದ ಟ್ರೇ ಲಾಕ್ ಒತ್ತಿ, ತಿರುಗುತ್ತಿರುವ ಡಿಸ್ಕನ್ನೇ ಹೊರಕ್ಕೆಳೆದೆ. ಕೈಯಲ್ಲಿ ಡಿಸ್ಕ್ ಇನ್ನೂ ಗುಂಯ್ ಅನ್ನುತ್ತಿತ್ತು, ತೆರೆಯ ಮೇಲೆ ಕಾಪಿ ಮುಂದುವರಿದೇ ಇತ್ತು. ಸ್ಥಿತಿ ಕೇಳಿದರೆ ಹದಿನೈದು ಡಿಸ್ಕ್ ಆನ್‌ಲೈನ್, ಒಂದು ಆಫ್‌ಲೈನ್ ಅಂತ ಸ್ಪಷ್ಟವಾಗಿ ತೋರಿಸಿತು. ಖಾಲಿ ಡಿಸ್ಕ್ ತುರುಕಿ, ಎಕ್ಸ್‌ಎಫ್‌ಎಸ್ ಫಾರ್ಮ್ಯಾಟ್ ಮಾಡಿ, ಅದೇ ಲೇಬಲ್ ಕೊಟ್ಟು ಮೌಂಟ್ ಮಾಡಿದೆ. ಯಾರೂ ಹೇಳದೆ ತಾನೇ ಹೀಲಿಂಗ್, ಅಂದರೆ ಹೋದ ಚೂರುಗಳನ್ನು ಹೊಸ ಡಿಸ್ಕಿನಲ್ಲಿ ಮತ್ತೆ ಕಟ್ಟುವ ಕೆಲಸ, ಶುರು ಮಾಡಿಕೊಂಡಿತು. ಈ ತಂತ್ರಾಂಶದ ಮೇಲೆ ನನಗೆ ನಂಬಿಕೆ ಕೂತದ್ದು ಅಲ್ಲಿ.

ಇನ್‌ಸ್ಟಾಲ್ ಮಾಡುವವರಿಗೆ ಮೂರ್ನಾಲ್ಕು ಮಾತು. ಹಲವು ಡಿಸ್ಕುಗಳನ್ನು ಒಂದಾಗಿ ತೋರಿಸುವ ರೇಡ್ ಕಾರ್ಡ್ ನಡುವೆ ಬರಬಾರದು, ಡಿಸ್ಕುಗಳು ನೇರವಾಗಿ ಕಾಣಬೇಕು. ಎಫ್‌ಎಸ್‌ಟ್ಯಾಬ್‌ನಲ್ಲಿ ಎಸ್‌ಡಿಬಿ, ಎಸ್‌ಡಿಸಿ ಎಂದು ಬರೆಯದೆ ಲೇಬಲ್ ಅಥವಾ ಯುಯುಐಡಿ ಬರೆಯಿರಿ, ರೀಬೂಟ್ ಆದಾಗ ಆ ಹೆಸರುಗಳು ಅದಲುಬದಲಾಗುತ್ತವೆ. ಡಿಸ್ಕ್ ಮೌಂಟ್ ಆಗದೆ ಉಳಿದು ಫೋಲ್ಡರ್ ಮಾತ್ರ ಇದ್ದರೆ, ಅದು ರೂಟ್ ಡಿಸ್ಕಿನ ಭಾಗ ಎಂದು ಮಿನ್‌ಐಒ ಗುರುತಿಸಿ ಅದರಲ್ಲಿ ಬರೆಯಲು ಒಪ್ಪುವುದಿಲ್ಲ. ಎಷ್ಟೋ ತಂತ್ರಾಂಶಗಳಿಗೆ ಇಷ್ಟು ಎಚ್ಚರ ಇರುವುದಿಲ್ಲ. ಸರ್ವರ್ ಹೆಸರುಗಳನ್ನು ಸಾಲಾಗಿ ಅಂಕಿ ಹಾಕಿ ಇಡಿ. ಒಂದರಿಂದ ನಾಲ್ಕು ಎಂದು ಬರೆಯುವಾಗ ನಡುವೆ ಮೂರು ಚುಕ್ಕಿ ಬೇಕು, ಎರಡಲ್ಲ.

ಇನ್ನು ಗಡಿಯಾರ. ಎಸ್3 ವಿನಂತಿಗಳ ಸಹಿಯಲ್ಲಿ ಸಮಯವೂ ಸೇರಿರುತ್ತದೆ, 15 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಸರ್ವರ್ ತಿರಸ್ಕರಿಸುತ್ತದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವೂ ಎನ್‌ಐಸಿ ಅಥವಾ ಎನ್‌ಪಿಎಲ್ ಸಮಯ ಸರ್ವರಿಗೆ ಹೊಂದಿಸಿ ಎನ್ನುತ್ತದೆ. ಲಾಗ್‌ಗಳನ್ನು 180 ದಿನ ಇಡಬೇಕು, ಸೈಬರ್ ಅವಘಡವಾದರೆ 6 ಗಂಟೆಯೊಳಗೆ ತಿಳಿಸಬೇಕು ಎಂಬುದೂ ಅದರಲ್ಲೇ ಇದೆ. ಮಿನ್‌ಐಒದ ಆಡಿಟ್ ಲಾಗ್ ಯಾರು, ಯಾವಾಗ, ಯಾವ ಫೈಲ್ ಮುಟ್ಟಿದರು ಎಂಬುದನ್ನು ವೆಬ್‌ಹುಕ್ ಮೂಲಕ ಬೇರೆ ಯಂತ್ರಕ್ಕೆ ಕಳಿಸುತ್ತದೆ. ಅದನ್ನು ಸ್ಟೋರೇಜ್ ಸರ್ವರಿನಲ್ಲೇ ಇಟ್ಟುಕೊಳ್ಳಬೇಡಿ.

ಭದ್ರತೆಯ ವಿಷಯಕ್ಕೆ ಬಂದರೆ ನಾನು ಕಟ್ಟುನಿಟ್ಟು. ಮಿನ್‌ಐಒಅಡ್ಮಿನ್ ಎಂಬ ಡೀಫಾಲ್ಟ್ ಹೆಸರು, ಅದೇ ಪಾಸ್‌ವರ್ಡ್ ಲೋಕಕ್ಕೆಲ್ಲ ಗೊತ್ತು. ಮೊದಲ ಸಲ ಸ್ಟಾರ್ಟ್ ಮಾಡುವ ಮುನ್ನವೇ ಬದಲಿಸಿ. ಆ ರೂಟ್ ಖಾತೆಯನ್ನು ಯಾವ ಅಪ್ಲಿಕೇಶನ್ನಿಗೂ ಕೊಡಬೇಡಿ. ಸ್ಕ್ಯಾನ್ ಯಂತ್ರದಿಂದ ಚಿತ್ರ ತಂದು ಹಾಕುವ ತಂತ್ರಾಂಶಕ್ಕೆ ನಾವು ಕೊಟ್ಟಿರುವ ಯೂಸರ್‌ಗೆ ಬರೆಯುವ, ಓದುವ, ಪಟ್ಟಿ ನೋಡುವ ಹಕ್ಕು ಮಾತ್ರ. ಅಳಿಸುವ ಹಕ್ಕಿಲ್ಲ. ಬಕೆಟ್‌ನಲ್ಲಿ ವರ್ಷನಿಂಗ್ ಇರುವುದರಿಂದ ಅದೇ ಹೆಸರಿನಲ್ಲಿ ಮತ್ತೆ ಬರೆದರೂ ಹಳೆಯದು ಉಳಿಯುತ್ತದೆ. 9000 ಮತ್ತು 9001 ಪೋರ್ಟ್‌ಗಳು ಒಳಗಿನ ನೆಟ್‌ವರ್ಕ್‌ಗೆ ಮಾತ್ರ, ಕನ್ಸೋಲ್ (ಬ್ರೌಸರಿನಲ್ಲಿ ತೆರೆಯುವ ನಿರ್ವಹಣಾ ಪುಟ) ನೋಡಬೇಕಾದರೆ ವಿಪಿಎನ್ ಮೂಲಕವೇ ಬರಬೇಕು.

ಇದು ಅತಿಯಾಯಿತು ಅನ್ನುವವರು 2023ರ ಮಾರ್ಚ್‌ನಲ್ಲಿ ಸರಿಪಡಿಸಿದ ಲೋಪವನ್ನು ನೆನೆಯಿರಿ. ಅದರ ಗುರುತಿನ ಸಂಖ್ಯೆ ಸಿವಿಇ-2023-28432. ಕ್ಲಸ್ಟರ್ ಆಗಿ ಹಾಕಿದ ಸರ್ವರಿನ ಒಂದು ವಿಳಾಸಕ್ಕೆ ಲಾಗಿನ್ ಇಲ್ಲದೆಯೇ ವಿನಂತಿ ಕಳಿಸಿದರೆ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನೆಲ್ಲ, ರೂಟ್ ಪಾಸ್‌ವರ್ಡ್ ಸಮೇತ, ಒಪ್ಪಿಸಿಬಿಡುತ್ತಿತ್ತು. ಫೈರ್‌ವಾಲ್ ಹಿಂದೆ ಇದ್ದವರಿಗೆ ಅಪ್‌ಡೇಟ್ ಮಾಡಲು ಸಮಯ ಸಿಕ್ಕಿತು. ಇಂಟರ್‌ನೆಟ್‌ಗೆ ತೆರೆದಿಟ್ಟವರಿಗೆ ಆ ಅವಕಾಶ ಇರಲಿಲ್ಲ.

ಟಿಎಲ್‌ಎಸ್ (ಸಂಪರ್ಕವನ್ನು ಗೂಢಲಿಪಿಯಲ್ಲಿ ಇಡುವ ವ್ಯವಸ್ಥೆ) ಹಾಕುವುದು ಸುಲಭ, ಆದರೆ ಸರ್ಟಿಫಿಕೇಟ್ ಮತ್ತು ಕೀ ಫೈಲುಗಳ ಹೆಸರು ಪಬ್ಲಿಕ್ ಡಾಟ್ ಸಿಆರ್‌ಟಿ, ಪ್ರೈವೇಟ್ ಡಾಟ್ ಕೀ ಅಂತಲೇ ಇರಬೇಕು. ಬೇರೆ ಹೆಸರಿದ್ದರೆ ಸರ್ಟಿಫಿಕೇಟನ್ನು ಗುರುತಿಸದೆ ಎಚ್‌ಟಿಟಿಪಿಯಲ್ಲೇ ಎದ್ದು ನಿಲ್ಲುತ್ತದೆ. ಶುರುವಾದ ಮೇಲೆ ಲಾಗಿನಲ್ಲಿ ವಿಳಾಸ ಎಚ್‌ಟಿಟಿಪಿಎಸ್ ಎಂದು ಬಂದಿದೆಯಾ ಎಂದು ನೋಡಿಯೇ ಮುಂದೆ ಹೋಗಿ.

ನಿಗದಿತ ಅವಧಿಯವರೆಗೆ ಫೈಲ್ ಅಳಿಸದಂತೆ ಬೀಗ ಹಾಕುವ ಆಬ್ಜೆಕ್ಟ್ ಲಾಕ್ ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಬೆನ್ನೆಲುಬು. ಗವರ್ನೆನ್ಸ್ ಮೋಡ್‌ನಲ್ಲಿ ವಿಶೇಷ ಹಕ್ಕಿರುವವರು ಅಳಿಸಬಹುದು. ಕಂಪ್ಲೈಯನ್ಸ್ ಮೋಡ್‌ನಲ್ಲಿ ಅವಧಿ ಮುಗಿಯುವವರೆಗೆ ಮಿನ್‌ಐಒ ರೂಟ್ ಬಂದರೂ ಆಗುವುದಿಲ್ಲ. ರ‍್ಯಾನ್ಸಮ್‌ವೇರ್ ಒಂದು ಆಕ್ಸೆಸ್ ಕೀ ಕದ್ದರೂ ಚಿತ್ರಗಳು ಉಳಿಯುತ್ತವೆ. ಆದರೆ ಲಿನಕ್ಸ್‌ನ ರೂಟ್ ಹಿಡಿದವನು ಡಿಸ್ಕನ್ನೇ ಫಾರ್ಮ್ಯಾಟ್ ಮಾಡಿದರೆ ಈ ಲಾಕ್ ಏನೂ ಮಾಡಲಾರದು. ಅದಕ್ಕೇ ಇನ್ನೊಂದು ಕಟ್ಟಡದಲ್ಲಿ, ಬೇರೆ ಎಸ್‌ಎಸ್‌ಎಚ್ ಕೀ ಇರುವ ಯಂತ್ರಕ್ಕೆ ಪ್ರತಿ ಹೋಗುತ್ತಿರಬೇಕು. ನಮ್ಮ ರೇಡಿಯಾಲಜಿಸ್ಟ್ ಮೇಡಂ ಫೋನ್ ಮಾಡಿ, "ಈ ಪೇಷೆಂಟ್‌ದು ಹೋದ ವರ್ಷದ ಸಿಟಿ ತೆಗೆದುಕೊಡಿ, ಗಡ್ಡೆ ಎಷ್ಟು ಬೆಳೆದಿದೆ ಅಂತ ಹೋಲಿಸಬೇಕು" ಅಂದಾಗ ಇಲ್ಲ ಅನ್ನುವ ಪರಿಸ್ಥಿತಿ ಬರಲೇಬಾರದು.

ವೇಗದ ಬಗ್ಗೆ ಒಂದು ತಕರಾರಿದೆ, ದೊಡ್ಡದೇ. ಸಿಟಿಯ ಒಂದು ಸ್ಲೈಸ್ 512 ಸಾಲು, 512 ಕಾಲಂ, ಪಿಕ್ಸೆಲ್‌ಗೆ 2 ಬೈಟ್, ಅಂದರೆ ಅರ್ಧ ಎಂಬಿ. ಒಬ್ಬ ರೋಗಿಯ ಸ್ಕ್ಯಾನ್‌ನಲ್ಲಿ ಇಂಥವು ನೂರಾರು. ಪ್ರತಿ ಸ್ಲೈಸನ್ನೂ ಬೇರೆ ಆಬ್ಜೆಕ್ಟ್ ಆಗಿ ಹಾಕಿದರೆ ಒಂದೊಂದೂ 43 ಕೆಬಿಯ ಚೂರುಗಳಾಗಿ 16 ಡಿಸ್ಕಿಗೂ ಹೋಗಿ ಕೂರುತ್ತದೆ. ತಿರುಗುವ ಡಿಸ್ಕ್‌ಗಳು ಇದಕ್ಕೆ ತಿಣುಕುತ್ತವೆ. ಒಂದು ಸ್ಟಡಿಯನ್ನು, ಅಂದರೆ ಒಬ್ಬ ರೋಗಿಯ ಒಂದು ಸ್ಕ್ಯಾನ್‌ನ ಎಲ್ಲ ಚಿತ್ರಗಳನ್ನು, ಒಂದು ಜಿಪ್ ಮಾಡಿ ಹಾಕಿ. ಜಿಪ್ ಒಳಗಿನ ಒಂದೇ ಫೈಲನ್ನು ಓದಲು ಮಿನ್‌ಐಒದಲ್ಲಿ ವಿಶೇಷ ಹೆಡರ್ ಇದೆ, ಆ ಸೌಲಭ್ಯ ಬಹಳ ಜನಕ್ಕೆ ತಿಳಿದಿಲ್ಲ. ಜಾಗ ಸಾಲದಾದಾಗ ಒಂದು ಡಿಸ್ಕ್ ಮಾತ್ರ ಸೇರಿಸಲೂ ಆಗದು, ಹೊಸ ಸರ್ವರ್ ಪೂಲನ್ನೇ, ಅಂದರೆ ಡಿಸ್ಕ್ ಸಮೇತ ಸರ್ವರುಗಳ ಇನ್ನೊಂದು ಗುಂಪನ್ನೇ, ಜೋಡಿಸಬೇಕು. ಬಜೆಟ್ ಕೇಳುವಾಗ ಇದನ್ನು ಮೊದಲೇ ಹೇಳಿಡಿ.

ಈಗ ಹೊಸಬರಿಗೆ ಮುಖ್ಯವಾದದ್ದು. ಲೈಸೆನ್ಸ್ 2021ರಲ್ಲಿ ಸಡಿಲವಾದ ಅಪಾಚೆಯಿಂದ ಷರತ್ತು ಹೆಚ್ಚಿರುವ ಎಜಿಪಿಎಲ್‌ಗೆ ಬದಲಾಯಿತು. 2025ರ ಮೇ ತಿಂಗಳಲ್ಲಿ ಕಮ್ಯುನಿಟಿ ಕನ್ಸೋಲ್‌ನಿಂದ ಯೂಸರ್, ಪಾಲಿಸಿ ನಿರ್ವಹಣೆಯ ಪುಟಗಳು ಹೋದವು, ಅವೆಲ್ಲ ಎಂಸಿ ಎಂಬ ಕಮಾಂಡ್‌ಲೈನ್ ಸಾಧನಕ್ಕೆ ಸೀಮಿತವಾದವು. ಅಕ್ಟೋಬರ್‌ನಲ್ಲಿ ಸಿದ್ಧ ಬೈನರಿ, ಡಾಕರ್ ಇಮೇಜ್ ಕೊಡುವುದನ್ನೂ ನಿಲ್ಲಿಸಿ ಬರಿಯ ಸೋರ್ಸ್ ಬಿಟ್ಟರು. ಡಿಸೆಂಬರ್‌ನಲ್ಲಿ ಯೋಜನೆ ಮೇಂಟೆನೆನ್ಸ್ ಮೋಡ್‌ಗೆ ಹೋಯಿತು. ಕಂಪನಿಯ ಗಮನ ಈಗ ಹಣ ಕೊಟ್ಟು ಕೊಳ್ಳುವ ಎಐಸ್ಟೋರ್ ಮೇಲೆ.

ಹಾಗಾಗಿ ಇಂದು ಹೊಸದಾಗಿ ಕಮ್ಯುನಿಟಿ ಆವೃತ್ತಿ ಹಾಕಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಕೋಡ್ ಎಷ್ಟೇ ಚೆನ್ನಾಗಿರಲಿ, ಮುಂದಿನ ಲೋಪಕ್ಕೆ ಪ್ಯಾಚ್ ಬರುವ ಭರವಸೆ ಇಲ್ಲದ ಜಾಗದಲ್ಲಿ ರೋಗಿಗಳ ದಾಖಲೆ ಇಡಬಾರದು. ಇದಕ್ಕೆ ಬದಲಾಗಿ ಹಾಕಬಹುದಾದ ತಂತ್ರಾಂಶಗಳಲ್ಲಿ ಗ್ಯಾರೇಜ್ ಹಗುರವಾಗಿದೆ, ಅಚ್ಚುಕಟ್ಟಾಗಿದೆ, ಆದರೆ ಅದರಲ್ಲಿ ಆಬ್ಜೆಕ್ಟ್ ಲಾಕ್ ಇಲ್ಲ. ಸೆಫ್‌ನ ರೇಡೋಸ್ ಗೇಟ್‌ವೇಯಲ್ಲಿ ಲಾಕ್ ಇದೆ, ಇರೇಶರ್ ಕೋಡಿಂಗ್ (ಮೇಲೆ ಹೇಳಿದ ಚೂರು-ಪ್ಯಾರಿಟಿ ಪದ್ಧತಿ) ಇದೆ, ಬೆನ್ನಿಗೆ ದೊಡ್ಡ ಸಮುದಾಯವೂ ಇದೆ. ಮಿನ್‌ಐಒದಷ್ಟು ಸರಾಗವಲ್ಲ, ಮಾನಿಟರ್, ಒಎಸ್‌ಡಿ, ಪೂಲ್ ಅಂತ ಕಲಿಯುವುದು ಬಹಳ, ಕೂತು ಕಲಿಯುವವರು ಒಬ್ಬರಾದರೂ ಬೇಕು. ನಾವು ಹೊಸ ಶಾಖೆಗೆ ಸೆಫನ್ನೇ ಆರಿಸಿದ್ದೇವೆ.

ಈಗಾಗಲೇ ಮಿನ್‌ಐಒ ಓಡಿಸುತ್ತಿರುವವರು ಗಾಬರಿಯಾಗಿ ಒಂದೇ ರಾತ್ರಿಯಲ್ಲಿ ಕಿತ್ತುಹಾಕುವ ಅಗತ್ಯವಿಲ್ಲ. ಪ್ರತ್ಯೇಕ ವಿಲ್ಯಾನ್‌ಗೆ ಸರಿಸಿ, ಹೊರಗಿನಿಂದ ಬರುವ ದಾರಿ ಮುಚ್ಚಿ, ಒಂದೊಂದೇ ಬಕೆಟ್ ಸಾಗಿಸಿ. ಸಾಗಿಸುವಾಗ ಎಂಸಿ ಮಿರರ್ ಕಮಾಂಡ್ ಇತ್ತೀಚಿನ ವರ್ಷನ್ ಮಾತ್ರ ಒಯ್ಯುತ್ತದೆ, ಹಳೆಯ ವರ್ಷನ್‌ಗಳನ್ನು ಬಿಟ್ಟುಬಿಡುತ್ತದೆ. ಲಾಕ್ ಅವಧಿಯನ್ನು ಹೊಸ ಜಾಗದಲ್ಲಿ ಮತ್ತೆ ನೀವೇ ಹಾಕಿ, ಒಂದು ಫೈಲನ್ನು ಅಳಿಸಲು ಪ್ರಯತ್ನಿಸಿ, ಆಗುವುದಿಲ್ಲ ಎಂಬುದು ಖಚಿತವಾದ ಮೇಲೆ ಹಳೆಯ ಡಿಸ್ಕ್ ಮುಟ್ಟಿ.