ಆಫ್‌ಜೆಮ್ ಪರಿಶೀಲನೆಗೆ ಲೆಕ್ಕ: ಬಿಲ್ ಬಂದಾಗಲೇ ವಿಂಗಡಣೆಯೋ, ಕೊನೆಗೋ?

ಬ್ರಿಟನ್ನಿನಲ್ಲಿ ಕಡಲ ಗಾಳಿ ವಿದ್ಯುತ್ ಕಂಪನಿ ತಾನೇ ಕಟ್ಟಿದ ಪ್ರಸರಣ ಮಾರ್ಗವನ್ನು ಟೆಂಡರಿನಲ್ಲಿ ಗೆದ್ದ ಬೇರೆ ಸಂಸ್ಥೆಗೆ ಮಾರಬೇಕು. ಮೌಲ್ಯ ನಿಗದಿ ಇಂಧನ ನಿಯಂತ್ರಕ ಸಂಸ್ಥೆಯಾದ ಆಫ್‌ಜೆಮ್‌ನದು. ದಕ್ಷವಾಗಿ ಮಾಡಿದ ಖರ್ಚನ್ನಷ್ಟೇ ಅದು ಒಪ್ಪುತ್ತದೆ. ಹಾಗಾಗಿ ಯಾವ ಖರ್ಚು ಪ್ರಸರಣ ಮಾರ್ಗದ್ದು, ಯಾವುದು ಗಾಳಿ ಸ್ಥಾವರದ್ದು ಎಂದು ಕಂಪನಿ ವಿಂಗಡಿಸಬೇಕು.

ಕೊನೆಗೆ ವಿಂಗಡಿಸಿದರೆ ಕಾಮಗಾರಿ ನಡೆಯುವಾಗ ಗುಮಾಸ್ತಿಕೆ ಕಡಿಮೆ. ಉಪಕೇಂದ್ರಕ್ಕೆಂದೇ ಮಾಡಿದ ಗುತ್ತಿಗೆಗೆ ಅಷ್ಟು ಸಾಕು. ತೊಡಕಾಗುವುದು ಎರಡಕ್ಕೂ ಸೇರಿದ, ಹಂಚಿಕೆಯ ಖರ್ಚಿನಲ್ಲಿ: ಹಡಗು ಬಾಡಿಗೆ, ವಿಮೆ, ಯೋಜನಾ ನಿರ್ವಹಣೆ. ಒಂದೇ ಹಡಗು 9 ದಿನ ದಡಕ್ಕೆ ಬರುವ ಕೇಬಲ್, 3 ದಿನ ಟರ್ಬೈನ್‌ಗಳ ನಡುವಿನ ಕೇಬಲ್ ಹಾಕಿತೆನ್ನಿ. ಎರಡನೆಯದು ಮಾರಾಟಕ್ಕೆ ಸೇರದು. ದಿನವಹಿ ವರದಿ ಇಲ್ಲದಿದ್ದರೆ 75:25 ಎಂಬುದು ಬರೀ ಅಂದಾಜು. ಆಧಾರವಿಲ್ಲದ ಮೊತ್ತಕ್ಕೆ ಕತ್ತರಿ ಬೀಳಬಹುದು.

ಬಿಲ್ ಬಂದಾಗಲೇ ಯಾವ ಭಾಗದ ಖರ್ಚೆಂದು ತೋರಿಸುವ ವೆಚ್ಚ ಸಂಕೇತ ಹಾಕಿ, ಹಡಗಿನ ವರದಿ, ಗುತ್ತಿಗೆ ಬದಲಾವಣೆಯ ಆದೇಶ ಲಗತ್ತಿಸಿದರೆ ಕೆಲಸ ಹೆಚ್ಚು, ನಿಜ. ಹಂಚಿಕೆಯ ಖರ್ಚಿಗೆ ಮಾತ್ರ ಇದನ್ನೇ ಆರಿಸಿ.